ನಾಲ್ಕು ನುಡಿಗಳ ನಾಡು, ಲ್ಯಾಟಿನ್ ಹೆಸರು

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಚಿಲ್ಲರೆಯೊಡನೆ ನಮ್ಮ ಕೈಗೆ ಬಂದ 20 ರಾಪೆನ್ ನಾಣ್ಯದ ಮೇಲೆ ಸ್ತ್ರೀಮುಖವೊಂದರ ಸುತ್ತ ‘ಕಾನ್ಫೆಡರಾಟಿಯೊ ಹೆಲ್ವೆಟಿಕಾ’ ಎಂದು ಕೆತ್ತಲಾಗಿತ್ತು. ನೂರು ರಾಪೆನ್‌ಗಳಿಗೆ ಒಂದು ಫ್ರಾಂಕ್. ಲ್ಯಾಟಿನ್ ಭಾಷೆಯ ಆ ಮಾತಿಗೆ ಹೆಲ್ವೆಟಿಯರ ಒಕ್ಕೂಟವೆಂದು ಅರ್ಥ. ಅಲ್ಲಿಯ ವಾಹನಗಳ ಮೇಲೆ ಕಾಣುವ ‘ಸಿಎಚ್’ ಅಕ್ಷರಗಳೂ ಇದರ ಸಂಕ್ಷೇಪವೇ. ಕ್ರಿಸ್ತಪೂರ್ವ 58ರಲ್ಲಿ ಜೂಲಿಯಸ್ ಸೀಸರನಿಗೆ ಸೋತ ಜನಾಂಗವೇ ಈ ಹೆಲ್ವೆಟಿಯರು.

ಇಂದು ಆ ದೇಶದಲ್ಲಿ ಲ್ಯಾಟಿನ್ ಯಾರ ಮನೆಮಾತೂ ಅಲ್ಲ. ಜರ್ಮನ್ನರು ತಮ್ಮ ನಾಡನ್ನು ಷ್ವೈಟ್ಸ್ ಎನ್ನುತ್ತಾರೆ. ಅಂದರೆ ಜರ್ಮನ್ ಮಾತನಾಡುವ ಸ್ವಿಸ್ ಜನರು. ಜಿನೀವಾದ ಫ್ರೆಂಚ್ ಭಾಷಿಕರಿಗೆ ಅದು ಸ್ವಿಸ್, ಲುಗಾನೊದ ಇಟಾಲಿಯನ್ ಭಾಷಿಕರಿಗೆ ಸ್ವಿಟ್ಸೆರಾ, ಗ್ರಾವ್‌ಬುಂಡೆನ್ ಕಣಿವೆಗಳ ರೋಮಾನ್ಶ್ ನುಡಿಯಲ್ಲಿ ಷ್ವಿಟ್ಸ್ರಾ. ಇವೆಲ್ಲಕ್ಕೂ ಮೂಲ ಷ್ವೀಟ್ಸ್ ಎಂಬ ಸಣ್ಣ ಜರ್ಮನ್ ಪ್ರಾಂತ. 1291ರ ಒಡಂಬಡಿಕೆಯಲ್ಲಿ ಸೇರಿದ್ದ ಮೂರು ಪ್ರಾಂತಗಳಲ್ಲಿ ಅದೂ ಒಂದು. ಲ್ಯಾಟಿನ್ನಿನ ಮಕ್ಕಳಾದ ಮೂರು ಭಾಷೆಗಳು ತಾಯಿಯ ಹೆಸರನ್ನು ಬಿಟ್ಟು ನೆರೆಮನೆಯ ಹೆಸರನ್ನು ಹಿಡಿದದ್ದು ಸೋಜಿಗವೇ ಸರಿ. ಆದರೆ ದೂರದ ರುಮೇನಿಯಾದಲ್ಲಿರುವ ಇನ್ನೊಂದು ಮಗಳು ಈಗಲೂ ‘ಎಲ್ವೆಟ್ಸಿಯಾ’ ಎನ್ನುತ್ತಾಳೆ!

ನಾಣ್ಯದಲ್ಲಿ ನಾಲ್ಕು ಹೆಸರುಗಳಿಗೆ ಜಾಗವಿಲ್ಲ. ಒಂದನ್ನೇ ಬರೆದರೆ ಉಳಿದವರಿಗೆ ಮುನಿಸು. ಯಾರದೂ ಅಲ್ಲದ ಲ್ಯಾಟಿನ್ ಈ ಇಕ್ಕಟ್ಟನ್ನು ಬಿಡಿಸಿತು. ಅಂಚೆಚೀಟಿಯಲ್ಲಿಯೂ ‘ಹೆಲ್ವೆಟಿಯಾ’ ಎಂದಷ್ಟೇ ಇರುತ್ತದೆ. ನೋಟಿನಲ್ಲಿ ಜಾಗ ಹೆಚ್ಚು, ಅಲ್ಲಿ ನಾಲ್ಕೂ ಭಾಷೆಗಳಿಗೆ ಸ್ಥಾನವುಂಟು.

ನಮ್ಮ ಮನಸ್ಸು ಹೆಚ್ಚು ನಿಂತದ್ದು ರೋಮಾನ್ಶ್ ಬಳಿ. ಅದನ್ನು ಮುಖ್ಯ ಭಾಷೆಯಾಗಿ ಉಳ್ಳವರು ನೂರಕ್ಕೆ ಒಬ್ಬರೂ ಇಲ್ಲ. ಅದು ಇಟಾಲಿಯನ್ನಿನ ಉಪಭಾಷೆಯೆಂದು ಇಟಲಿಯ ಫ್ಯಾಸಿಸ್ಟ್ ವಲಯಗಳು ಹಕ್ಕು ಹೂಡುತ್ತಿದ್ದ ಕಾಲದಲ್ಲಿ, 1938ರಲ್ಲಿ, ಸ್ವಿಸ್ ಮತದಾರರು ಭಾರಿ ಬಹುಮತದಿಂದ ಅದನ್ನು ನಾಲ್ಕನೆಯ ರಾಷ್ಟ್ರಭಾಷೆಯಾಗಿ ಅಂಗೀಕರಿಸಿದರು. ಮತ ನೀಡಿದವರಲ್ಲಿ ಬಹುಪಾಲಿನವರಿಗೆ ಆ ನುಡಿಯ ಒಂದು ವಾಕ್ಯವೂ ಬರುತ್ತಿರಲಿಲ್ಲ.

ಆದರೂ ಗೊತ್ತಾರ್ಡ್ ಸುರಂಗದ ಮೂಲಕ ಜರ್ಮನ್ ಸೀಮೆಯಿಂದ ಇಟಾಲಿಯನ್ ಸೀಮೆಗೆ ನಮ್ಮನ್ನು ಒಯ್ದ ರೈಲಿನ ಗಾಡಿಗಳ ಮೇಲೆ ರೈಲ್ವೆಯ ಹೆಸರಿನ ಅಕ್ಷರಗಳು ಮೂರೇ ಭಾಷೆಗಳಲ್ಲಿದ್ದವು. ರೋಮಾನ್ಶ್ ಇರಲಿಲ್ಲ. ಅಷ್ಟು ಅಚ್ಚುಕಟ್ಟಾದ ದೇಶದಲ್ಲಿ ಇದೊಂದು ಕೊರತೆಯೆಂದೇ ನಮಗೆ ತೋರಿತು.