ಕಣ್ಣಿಗೆ ಬಿದ್ದ ಗಂಟು

ಸೊಂಟದ ಪಕ್ಕ ವಿಪರೀತ ನೋವೆಂದು ಆಸ್ಪತ್ರೆಗೆ ಹೋದವರಿಗೆ ಸಿ.ಟಿ. ಸ್ಕ್ಯಾನ್ ಆಗುತ್ತದೆ. ಕಿಡ್ನಿಯಲ್ಲಿ ಕಲ್ಲು ಇದೆ ಎಂದು ಗೊತ್ತಾಗುತ್ತದೆ. ಆದರೆ ರಿಪೋರ್ಟಿನ ಕೊನೆಗೆ ಇನ್ನೊಂದು ಸಾಲು ಇರುತ್ತದೆ: ಎಡಗಡೆಯ ಅಡ್ರಿನಲ್ ಗ್ರಂಥಿಯಲ್ಲಿ 2 ಸೆಂ.ಮೀ. ಗಡ್ಡೆ. ಅದನ್ನು ಯಾರೂ ಹುಡುಕಿರಲಿಲ್ಲ, ಅದರಿಂದ ನೋವೂ ಇರಲಿಲ್ಲ. ಆ ಗ್ರಂಥಿ ಕಿಡ್ನಿಯ ನೆತ್ತಿಯ ಮೇಲೇ ಕೂತಿರುವುದರಿಂದ ಚಿತ್ರದಲ್ಲಿ ಅದೂ ಬಂತು, ಅಷ್ಟೇ. ಇಂಥದ್ದಕ್ಕೆ ವೈದ್ಯರು ಇಟ್ಟಿರುವ ಹೆಸರು ‘ಇನ್ಸಿಡೆಂಟಲೋಮಾ’.

ಪದಕ್ಕೆ ಹೆಚ್ಚು ವಯಸ್ಸಾಗಿಲ್ಲ. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ನಡೆದದ್ದು 1971ರಲ್ಲಿ, ಲಂಡನ್ನಿನಲ್ಲಿ. ಹತ್ತೇ ವರ್ಷದಲ್ಲಿ ವೈದ್ಯರಿಗೆ ಹೊಸ ತಲೆನೋವು ಶುರುವಾಗಿತ್ತು: ಕೇಳದೇ ಇದ್ದ ಪ್ರಶ್ನೆಗಳಿಗೂ ಯಂತ್ರ ಉತ್ತರ ಕೊಡುತ್ತಿತ್ತು. 1982ರಲ್ಲಿ ಗೀಲ್‌ಹೋಡ್ ಮತ್ತು ಡ್ರೂಯಿ ಎಂಬ ಅಮೆರಿಕದ ಇಬ್ಬರು ವೈದ್ಯರು ‘ಸರ್ಜರಿ’ ಪತ್ರಿಕೆಯ ಲೇಖನದಲ್ಲಿ ಈ ಪದವನ್ನು ಬಳಸಿದರು.

ಪದದ ಕಟ್ಟಣೆಯಲ್ಲೇ ಒಂದು ತಮಾಷೆ ಇದೆ. ‘ಓಮಾ’ ಗ್ರೀಕ್ ಪ್ರತ್ಯಯ. ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಗಡ್ಡೆ ಎಂಬ ಅರ್ಥ. ಅದರ ಹಿಂದೆ ಬರುವ ಪದ ಗಡ್ಡೆ ಯಾವುದರದ್ದು ಎಂದು ಹೇಳುತ್ತದೆ: ಲಿಪೋಮಾ ಎಂದರೆ ಕೊಬ್ಬಿನದು, ಆಸ್ಟಿಯೋಮಾ ಎಂದರೆ ಮೂಳೆಯದು. ಇನ್ಸಿಡೆಂಟಲೋಮಾ ಯಾವುದರದ್ದು? ಅಕಸ್ಮಾತ್ತಿನದು! ಗಡ್ಡೆ ಎಂಥದು ಎಂಬುದರ ಬಗ್ಗೆ ಹೆಸರು ಏನೂ ಹೇಳುವುದಿಲ್ಲ. ಅದು ಸಿಕ್ಕಿದ ಬಗೆಯನ್ನಷ್ಟೇ ಹೇಳುತ್ತದೆ. ವೈದ್ಯರ ನಡುವೆ ಈ ತಮಾಷೆ ನಡೆಯುತ್ತದೆ. ರೋಗಿಯ ಕಿವಿಗೆ ಬೀಳುವುದು ಮಾತ್ರ ಕೊನೆಯ ‘ಓಮಾ’. ಕಾರ್ಸಿನೋಮಾ, ಲಿಂಫೋಮಾ ಎಂದು ಕೇಳಿದವರಿಗೆ ಇದೂ ಅದೇ ಮನೆತನದ್ದು ಅನ್ನಿಸುತ್ತದೆ.

ಕನ್ನಡಕ್ಕೆ ತಂದರೆ ಕಷ್ಟ ಇನ್ನೂ ಹೆಚ್ಚು. ‘ಆಕಸ್ಮಿಕ ಗಡ್ಡೆ’ ಎಂದು ಸುಲಭವಾಗಿ ಬರೆದುಬಿಡಬಹುದು. ಆದರೆ ಆಕಸ್ಮಿಕ ಎಂದಕೂಡಲೇ ನಮಗೆ ನೆನಪಾಗುವುದು ಆಕಸ್ಮಿಕ ಸಾವು, ಆಕಸ್ಮಿಕ ಬೆಂಕಿ. ಗಡ್ಡೆಯೇ ರಾತ್ರೋರಾತ್ರಿ ಎದ್ದಿತೇನೋ ಎಂಬ ಅರ್ಥ ಬರುತ್ತದೆ. ಆಕಸ್ಮಿಕವಾದದ್ದು ಕಂಡದ್ದು, ಗಡ್ಡೆ ಎಷ್ಟೋ ವರ್ಷದಿಂದ ಅಲ್ಲೇ ಇದ್ದಿರಬಹುದು. ‘ಅರ್ಬುದ’ ಸಂಸ್ಕೃತದಲ್ಲಿ ಬರೀ ಗಡ್ಡೆಯಾದರೂ ಕನ್ನಡದಲ್ಲಿ ಕ್ಯಾನ್ಸರೇ ಆಗಿಹೋಗಿದೆ. ಪುಣೆಯಲ್ಲಿರುವ ಮಗಳು ಅಪ್ಪನ ರಿಪೋರ್ಟನ್ನು ವಾಟ್ಸಾಪಿನಲ್ಲಿ ಓದಿ ಧಾರವಾಡಕ್ಕೆ ಫೋನು ಮಾಡಿ ‘ಗಡ್ಡಿ’ ಎಂದರೆ ಸಾಕು, ಆಚೆಯಿಂದ ಬರುವುದು ಒಂದೇ ಪ್ರಶ್ನೆ: “ಅಂದ್ರ ಕ್ಯಾನ್ಸರ್ ಏನವಾ?”

ನಿಜಕ್ಕೂ ಕೇಳಬೇಕಾದ ಪ್ರಶ್ನೆಗಳು ಎರಡು. ಅದು ಕೆಟ್ಟ ಗಡ್ಡೆಯೇ? ಅದು ಹಾರ್ಮೋನು ಸುರಿಸುತ್ತಿದೆಯೇ? ಹೊಟ್ಟೆಯ ಸಿ.ಟಿ. ಮಾಡಿಸಿಕೊಂಡ 100 ಜನರಲ್ಲಿ ಸುಮಾರು ನಾಲ್ವರಿಗೆ ಅಡ್ರಿನಲ್ ಗಂಟು ಕಾಣುತ್ತದೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಬಹುಪಾಲು ನಿರುಪದ್ರವಿ. ಸಾಂದ್ರತೆಯ ಅಳತೆಗೆ ಹೌನ್ಸ್‌ಫೀಲ್ಡರ ಹೆಸರೇ ಇದೆ; ನೀರಿನದು 0. ಕಾಂಟ್ರಾಸ್ಟ್ ಔಷಧಿ ಕೊಡದೆ ತೆಗೆದ ಚಿತ್ರದಲ್ಲಿ ಗಂಟು ಉದ್ದಕ್ಕೂ ಒಂದೇ ಸಮನಾಗಿದ್ದು, ಅಳತೆ 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಕೊಬ್ಬು ತುಂಬಿದ ಸಾಧು ಗಂಟು. ಹಾರ್ಮೋನಿನ ಪರೀಕ್ಷೆಯನ್ನು ಮಾತ್ರ ಉದಾಸೀನ ಮಾಡುವಂತಿಲ್ಲ. ಫಿಯೋಕ್ರೋಮೋಸೈಟೋಮಾ ಎಂಬ ಅಪರೂಪದ ಗಡ್ಡೆ ಇರುವುದು ತಿಳಿಯದೆ ಬೇರೆ ಯಾವುದಕ್ಕೋ ಆಪರೇಷನ್ ಮಾಡಿದರೆ ರಕ್ತದೊತ್ತಡ ಏರಿ ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ “ಏನೂ ಇಲ್ಲ ಬಿಡಿ” ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ.

ಭಯದ ಬೆಲೆ ಎಷ್ಟಾಗಬಹುದು ಎನ್ನುವುದಕ್ಕೆ ದಕ್ಷಿಣ ಕೊರಿಯಾ ಉದಾಹರಣೆ. ಅಲ್ಲಿ ಆರೋಗ್ಯ ತಪಾಸಣೆಗೆ ಹೋದವರು ಸ್ವಲ್ಪ ಹಣ ಸೇರಿಸಿ ಥೈರಾಯ್ಡಿನ ಅಲ್ಟ್ರಾಸೌಂಡನ್ನೂ ಮಾಡಿಸಿಕೊಂಡು ಬರುತ್ತಿದ್ದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ 15 ಪಟ್ಟಾಗಿತ್ತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಸಿಕ್ಕಿದ್ದರಲ್ಲಿ ಹೆಚ್ಚಿನವು ಸುಮ್ಮನೆ ಬಿಟ್ಟಿದ್ದರೆ ಯಾರಿಗೂ ತೊಂದರೆ ಕೊಡದವು. ಆದರೆ ಹೆಸರು ಕ್ಯಾನ್ಸರ್ ಎಂದಿತ್ತಲ್ಲ, ಸುಮ್ಮನೆ ಬಿಡುವವರು ಯಾರು? ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಜೀವನಪೂರ್ತಿ ಮಾತ್ರೆ ನುಂಗುವವರಾದರು. ಕೆಲವರಿಗೆ ದನಿಯೇ ಕೆಟ್ಟಿತು.

ರಿಪೋರ್ಟನ್ನು ಬೇರೆ ಭಾಷೆಯಲ್ಲಿ ಓದಿ ಮನೆಯವರಿಗೆ ಕನ್ನಡದಲ್ಲಿ ಹೇಳುವ ಕೆಲಸ ಊರು ಬಿಟ್ಟ ನಮ್ಮಲ್ಲಿ ಎಷ್ಟೋ ಜನರ ಪಾಲಿಗೆ ಬರುತ್ತದೆ. ಅಂಥ ಹೊತ್ತಿನಲ್ಲಿ ‘ಕಣ್ಣಿಗೆ ಬಿದ್ದ ಗಂಟು’ ಎಂದರೆ ಹೇಗೆ? ಗಂಟು ಎಂದರೆ ಸಂತೆಯಿಂದ ಹೊತ್ತು ತರುವುದೂ ಹೌದು. ಬಿಚ್ಚಿ ನೋಡುವ ತನಕ ಒಳಗೇನಿದೆ ಗೊತ್ತಾಗದು. ನೋಡಿದ್ದು ಸ್ಕ್ಯಾನಿನ ಕಣ್ಣು ಎಂಬುದು ಹೆಸರಿನಲ್ಲೇ ಇರುತ್ತದೆ. ಇಷ್ಟು ಹೇಳಿದ ಮೇಲೆ ಅವ್ವನ ಮುಂದಿನ ಪ್ರಶ್ನೆ “ಮತ್ತ ಡಾಕ್ಟರು ಏನ್ ನೋಡಬೇಕಂದ್ರು?” ಎಂದಾಗುತ್ತದೆ. ಅದಕ್ಕೆ ಉತ್ತರ ಇದೆ.