ಕಡಲ ಕಿಟಕಿಗೊಂದು ತೆರೆ

ಕಿಟಕಿಗೆ ಎಂತಹ ತೆರೆ ಹಾಕಬೇಕೆಂಬುದು ಬರೆಯತಕ್ಕ ವಿಷಯವೇ ಎಂದು ಓದುಗ ಬಂಧುಗಳು ಕೇಳಬಹುದು. ಕಾಯಕದಲ್ಲಿ ಮೇಲುಕೀಳೆಣಿಸದ ಶರಣರ ಪರಂಪರೆಯವರಾದ ನಮಗೆ ಗೃಹಕೃತ್ಯದಲ್ಲಿ ಸಣ್ಣದೆಂಬುದು ಯಾವುದೂ ಇಲ್ಲ.

ನನ್ನ ಮಗಳ ಮನೆ ಕಾರವಾರದಲ್ಲಿದೆ. ಅರಬ್ಬೀ ಸಮುದ್ರಕ್ಕೆ ಮುಖಮಾಡಿದ ಪಡುವಣ ಕೋಣೆ ನಮ್ಮ ಬೀಗಿತ್ತಿಯವರದು. ಪತಿವಿಯೋಗದ ತರುವಾಯ ಬಯಲುಸೀಮೆಯ ಹಳ್ಳಿಯನ್ನು ಬಿಟ್ಟುಬಂದ ಆ ತಾಯಿಗೆ, ಮಗ ಸೊಸೆ ಕೆಲಸಕ್ಕೆ ತೆರಳಿದ ಮೇಲೆ, ಎರಡು ವರ್ಷದ ಮೊಮ್ಮಗನೂ ಆ ಕಡಲೂ ಸಂಗಾತಿಗಳು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದಂದಿನಿಂದ ಇಳಿಹೊತ್ತಿನ ಬಿಸಿಲು ಅವರಿಗೆ ಸಹಿಸದು. ಸಂಜೆಯ ಲಿಂಗಪೂಜೆಯಲ್ಲಿ ಕರಸ್ಥಲದ ಮೇಲೆ ದೃಷ್ಟಿ ನಿಲ್ಲದು. ದಪ್ಪ ಪರದೆಯನ್ನೆಳೆದರೆ ಕೋಣೆಯೆಲ್ಲ ಕತ್ತಲು. "ಬೀಗರ, ಬಿಸಿಲು ತಡೀರಿ, ಸಮುದ್ರ ಮುಚ್ಚಬ್ಯಾಡ್ರಿ" ಎಂಬುದೊಂದೇ ಅವರ ಬೇಡಿಕೆ.

ಇದಕ್ಕೆ ತಕ್ಕ ಸಾಧನ ವೆನಿಷಿಯನ್ ಬ್ಲೈಂಡ್, ಅಂದರೆ ಓರೆಮಾಡಬಲ್ಲ ಅಡ್ಡಪಟ್ಟಿಗಳ ಪರದೆ. ಹೆಸರು ವೆನಿಸ್ ನಗರದ್ದಾದರೂ ಇಂಥ ಪಟ್ಟಿಗಳುಳ್ಳ ಕಿಟಕಿ ಕದವನ್ನು ಫ್ರೆಂಚರು ಪರ್ಷಿಯಾದ ಹೆಸರಿನಿಂದ ಕರೆಯುತ್ತಾರೆ. ಪಟ್ಟಿಗಳನ್ನು ಓರೆಮಾಡಿದರೆ ಮೇಲಿನಿಂದ ಬೀಳುವ ಬಿಸಿಲು ನಿಂತು, ನಡುವಿನ ಸಂದಿಗಳಲ್ಲಿ ಕಡಲು ಕಾಣುತ್ತದೆ. ಆದರೆ ಸೂರ್ಯನು ಇಳಿದಂತೆ ಅವನ್ನು ಇನ್ನಷ್ಟು ಮಡಚಬೇಕು. ಅಸ್ತಕ್ಕೆ ಮುನ್ನ ಕೆಲಹೊತ್ತು ಮುಚ್ಚಲೇಬೇಕು. ಗಾಜನ್ನು ದಾಟಿ ಬಂದ ಕಾವನ್ನೂ ಒಳಗಿನ ಪರದೆ ಪೂರ್ಣವಾಗಿ ತಡೆಯಲಾರದು. ಅದಕ್ಕೆ ಹೊರಗೆ ಸಜ್ಜವೋ ಮರದ ನೆರಳೋ ಬೇಕು.

ಅಳಿಯಂದಿರಿಗೆ ಮರದ ಪಟ್ಟಿಗಳ ಮೇಲೆ ಮನಸ್ಸಿತ್ತು. ನೋಡಲು ಅವು ಸುಂದರ, ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಆ ಕರಾವಳಿಯ ತೇವಕ್ಕೆ ಮರ ಸೊಟ್ಟಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಪಿ.ವಿ.ಸಿ. ಪಟ್ಟಿಗಳು ತೇವಕ್ಕಂಜವು, ಆದರೆ ಅಗಲ ಕಿಟಕಿಯಲ್ಲಿ ಭಾರದಿಂದ ಜೋಲುತ್ತವೆ. ಬಣ್ಣ ಲೇಪಿಸಿದ ಅಲ್ಯೂಮಿನಿಯಂ ಹಗುರ. ಉಪ್ಪುಗಾಳಿಗೆ ಅದೂ ಕ್ರಮೇಣ ಕಲೆಗಟ್ಟೀತು; ಅದರ ಉಕ್ಕಿನ ತಲೆಪಟ್ಟಿ, ತಿರುಪುಗಳಂತೂ ಬೇಗ ತುಕ್ಕು ಹಿಡಿಯುತ್ತವೆ. ಆದುದರಿಂದ ೫೦ ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ಪಟ್ಟಿ, ಸ್ಟೇನ್‌ಲೆಸ್ ಸ್ಟೀಲ್ ತಿರುಪು, ವಾರಕ್ಕೊಮ್ಮೆ ಸಿಹಿನೀರಿನ ಒದ್ದೆಬಟ್ಟೆಯಿಂದ ಒರೆಸುವಿಕೆ ಎಂದು ನಿರ್ಧರಿಸಿದೆವು. ೨೫ ಮಿಲಿಮೀಟರಿನವಕ್ಕಿಂತ ಅಗಲಪಟ್ಟಿಗಳ ನಡುವೆ ನೋಟ ವಿಶಾಲ. ಒರೆಸಬೇಕಾದ ಪಟ್ಟಿಗಳೂ ಕಡಿಮೆ.

ಎಲ್ಲಕ್ಕೂ ಮಿಗಿಲಾದುದು ಹಗ್ಗದ ವಿಚಾರ. ಪರದೆಯನ್ನೇರಿಸುವ ಹಗ್ಗದ ಕುಣಿಕೆ ಎಳೆಮಕ್ಕಳ ಕೊರಳಿಗೆ ಸಿಕ್ಕಿ ಪ್ರಾಣ ಹೋದ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ. ಬೆಲೆ ಹೆಚ್ಚಾದರೂ ಹಗ್ಗವಿಲ್ಲದ ಮಾದರಿಯನ್ನೇ ಕೊಳ್ಳಬೇಕೆಂದು ಮಗಳು ಪಟ್ಟುಹಿಡಿದಳು. ತೊಟ್ಟಿಲು, ಮಂಚಗಳನ್ನು ಕಿಟಕಿಯಿಂದ ದೂರವಿರಿಸುವುದೂ ಲೇಸು.

ಈಗ ಆ ತಾಯಿ ಹೊತ್ತಿಗೆ ತಕ್ಕಂತೆ ಪಟ್ಟಿಗಳನ್ನು ತಾವೇ ತಿರುಗಿಸಿಕೊಳ್ಳುತ್ತಾರೆ. ಹಿರಿಯರನ್ನು ಮನೆಗೆ ಕರೆತಂದು ಅನ್ನವಿಕ್ಕಿದ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯದು. ಎಷ್ಟು ಬೆಳಕು ಬೇಕು, ಎಷ್ಟು ನೆರಳು ಬೇಕು ಎಂಬ ನಿರ್ಧಾರವನ್ನು ಅವರ ಕೈಗೇ ಬಿಡುವುದೂ ದಾಸೋಹವೇ.