ಸಮ್ಮಾರ್ಜನೀ ವಿಚಾರ

ಪೊರಕೆಯೂ ಒಂದು ಪ್ರಬಂಧಕ್ಕೆ ವಸ್ತುವಾಗಬಲ್ಲುದೆ ಎಂದು ವಾಚಕರು ಹುಬ್ಬೇರಿಸಬಹುದು. ಅಮರಸಿಂಹನು ಹಾಗೆ ಹುಬ್ಬೇರಿಸಲಿಲ್ಲ. ಆತನು ತನ್ನ ಕೋಶದ ದ್ವಿತೀಯ ಕಾಂಡದ ಪುರವರ್ಗದಲ್ಲಿ ನಗರ, ಸೌಧ, ಪ್ರಾಕಾರ, ದ್ವಾರ ಇವುಗಳ ನಡುವೆಯೇ ಪೊರಕೆಗೂ ಸ್ಥಾನವಿತ್ತು, ಅದಕ್ಕೆ ಸಮ್ಮಾರ್ಜನೀ ಎಂದೂ ಶೋಧನೀ ಎಂದೂ ಎರಡು ಹೆಸರುಗಳನ್ನು ಹೇಳಿದ್ದಾನೆ. ಅದು ದೂಡಿದ ಕಸಕ್ಕೂ ಸಂಕರ, ಅವಕರ ಎಂದು ಎರಡು ಹೆಸರು. ಮೂವತ್ತನಾಲ್ಕು ವರ್ಷಗಳ ಕಾಲ ನಾನು ಈ ಪದಗಳನ್ನು ಹುಡುಗರಿಂದ ಕಂಠಪಾಠ ಮಾಡಿಸಿದೆನು. ಆದರೆ ಆ ಪದಗಳು ಸೂಚಿಸುವ ವಸ್ತುವನ್ನು ಕೈಯಲ್ಲಿ ಹಿಡಿದುದು ನಿವೃತ್ತನಾದ ಮೇಲೆಯೇ.

ನಮ್ಮದು ಮೈಸೂರಿನ ಒಂದು ಬಡಾವಣೆಯ ಸಾಮಾನ್ಯ ಮನೆ. ಮುಂದೆ ಎರಡು ಹೊಂಗೆಯ ಮರಗಳು. ಅವುಗಳ ಪಕ್ಕದಲ್ಲಿ ಇಪ್ಪತ್ತಡಿ ಚೌಕದ ಒಂದು ಹುಲ್ಲುಹಾಸು. ಬೆಂಗಳೂರಿನಲ್ಲಿರುವ ಮಗನು ಬಂದಾಗ ಕಾರು ಒಳಗೆ ಬರಲೆಂದು ಗೇಟಿನಿಂದ ಮಾಡಿಸಿದ ಸಿಮೆಂಟಿನ ದಾರಿ. ಹಿಂದುಗಡೆ ಮಣ್ಣಿನ ಹಿತ್ತಿಲು, ಅಲ್ಲಿ ಎರಡು ತೆಂಗು. ಇವಿಷ್ಟನ್ನೂ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಗುಡಿಸಿದವಳು ನನ್ನ ಪತ್ನಿ. ನಾನು ಎದ್ದು ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅಂಗಳವು ಶುಭ್ರವಾಗಿ, ರಂಗವಲ್ಲಿಯೂ ಬಿದ್ದಿರುತ್ತಿತ್ತು. ಸೂರ್ಯೋದಯದಂತೆ ಅದೂ ತಾನಾಗಿ ಆಗುವ ಕಾರ್ಯವೆಂದು ನಾನು ಭಾವಿಸಿದ್ದೆನೆಂದು ತೋರುತ್ತದೆ.

ಕಳೆದ ಮಾಘಮಾಸದಲ್ಲಿ ಒಂದು ಬೆಳಿಗ್ಗೆ ಆಕೆ ಗುಡಿಸಲೆಂದು ಬಾಗಿದವಳು ಮತ್ತೆ ನೆಟ್ಟಗಾಗಲಾರದೆ ಹೋದಳು. ಗೋಡೆಯನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು. ನನ್ನನ್ನು ಕೂಗಿಯೂ ಇರಲಿಲ್ಲ. ವೈದ್ಯರು ಪರೀಕ್ಷಿಸಿ, ಬೆನ್ನುಮೂಳೆಯ ಸವೆತವೆಂದೂ, ಎರಡು ತಿಂಗಳು ಬಾಗಕೂಡದೆಂದೂ ವಿಧಿಸಿದರು. ಹೊಂಗೆಯು ಎಲೆಯುದುರಿಸುವ ಕಾಲವೂ ಅದೇ. ಹೀಗೆ ಅಂಗಳವು ನನ್ನ ಪಾಲಿಗೆ ಬಂದಿತು.

ಪಂಡಿತನಾದವನು ಕೆಲಸವನ್ನು ಆರಂಭಿಸುವುದಕ್ಕಿಂತ ಮುಂಚೆ ಸಾಮಗ್ರಿಯನ್ನು ಸಂಗ್ರಹಿಸುತ್ತಾನೆ. ನಾನು ಅಂಗಡಿಗೆ ಹೋಗಿ, ನೋಡಲು ಎಲ್ಲಕ್ಕಿಂತ ಸುಂದರವಾದ ಹುಲ್ಲಿನ ಪೊರಕೆಯನ್ನು ತಂದೆನು. ಮೇಘಾಲಯ, ಅಸ್ಸಾಂ ಮೊದಲಾದ ಈಶಾನ್ಯದ ಬೆಟ್ಟಗಳಲ್ಲಿ ಬೆಳೆಯುವ ಒಂದು ಎತ್ತರದ ಹುಲ್ಲಿನ ತೆನೆಗಳಿಂದ ಅದನ್ನು ಕಟ್ಟುತ್ತಾರೆ. ನುಣ್ಣನೆಯ ನೆಲದ ಮೇಲಿನ ಸೂಕ್ಷ್ಮ ಧೂಳಿಗೆ ಅದಕ್ಕೆ ಸಮನಾದುದಿಲ್ಲ. ಆದರೆ ಒರಟು ಸಿಮೆಂಟಿನ ಮೇಲೆ ಒಂದೇ ವಾರದಲ್ಲಿ ಅದರ ತೆನೆಗಳೆಲ್ಲ ಮುರಿದುದುರಿ, ಗುಡಿಸಬೇಕಾದ ಕಸಕ್ಕೆ ಪೊರಕೆಯ ಕಸವೂ ಸೇರಿತು. ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದ ಪತ್ನಿಯು ಏನೂ ಹೇಳಲಿಲ್ಲ.

ವಿಷಯ ತಿಳಿದ ಮಗನು ವಿದ್ಯುತ್ತಿನಿಂದ ನಡೆಯುವ ಒಂದು ಊದುಯಂತ್ರವನ್ನು ಕಳುಹಿಸಿದನು. ಅದು ಪ್ರಚಂಡಮಾರುತವನ್ನು ಹೊರಡಿಸಿ ಎಲೆಗಳನ್ನು ಅಟ್ಟುತ್ತದೆ. ಅಟ್ಟುವುದೇನೋ ನಿಜ, ಎಲ್ಲಿಗೆ ಎಂಬುದೇ ಪ್ರಶ್ನೆ. ನಮ್ಮ ಎಲೆಗಳು ನೆರೆಮನೆಯ ಬಾವಿಕಟ್ಟೆಗೂ, ನಮ್ಮ ಧೂಳು ಅವರು ಒಗೆದು ಹರವಿದ್ದ ಬಟ್ಟೆಗಳಿಗೂ ಹೋದವು. ನೆರೆಯವರು ಸಜ್ಜನರು, “ಮೇಷ್ಟ್ರೇ, ಮಗುವಿಗೆ ಪರೀಕ್ಷೆ ಇದೆ, ಸ್ವಲ್ಪ ಸದ್ದು…” ಎಂದಷ್ಟೇ ಹೇಳಿ ನಿಲ್ಲಿಸಿದರು. ವಿಸ್ತಾರವಾದ ಹುಲ್ಲುಹಾಸುಗಳುಳ್ಳ ಅಮೆರಿಕದಲ್ಲಿ ಇವುಗಳ ಬಳಕೆ ಬಹಳ. ಅಲ್ಲಿಯೂ ಪೆಟ್ರೋಲಿನ ಊದುಯಂತ್ರಗಳ ಹೊಗೆ ಮತ್ತು ಸದ್ದುಗಳನ್ನು ತಾಳಲಾರದೆ, ಕ್ಯಾಲಿಫೋರ್ನಿಯ ಸಂಸ್ಥಾನವು 2021ರಲ್ಲಿ ಇಂಥ ಸಣ್ಣ ಎಂಜಿನುಗಳ ಹೊಸ ಮಾರಾಟವನ್ನು ತಡೆಯುವ ಶಾಸನವನ್ನು ಮಾಡಿತು. ವಾಷಿಂಗ್‌ಟನ್ ರಾಜಧಾನಿಯಲ್ಲಿ 2022ರಿಂದ ಅವುಗಳ ಬಳಕೆಯೇ ನಿಷಿದ್ಧವಾಯಿತು. ನಮ್ಮದು ವಿದ್ಯುತ್ತಿನದಾದುದರಿಂದ ಹೊಗೆಯ ದೋಷವಿರಲಿಲ್ಲ; ಸದ್ದು, ಧೂಳುಗಳ ದೋಷವಿತ್ತು.

ಮೂರನೆಯದಾಗಿ, ದೊಡ್ಡ ತೋಟವುಳ್ಳ ಮಿತ್ರರೊಬ್ಬರಿಂದ ಚಕ್ರದ ಪೊರಕೆಯೊಂದನ್ನು ಎರವಲು ತಂದೆನು. ಇದು ಜಾಣತನದ ಯಂತ್ರ. ವಿದ್ಯುತ್ತಾಗಲಿ ಎಣ್ಣೆಯಾಗಲಿ ಬೇಡ. ನಾವು ತಳ್ಳಿದಂತೆ ಚಕ್ರಗಳು ಉರುಳುತ್ತವೆ. ಚಕ್ರಗಳಿಗೆ ಹಲ್ಲುಗಾಲಿಗಳ ಮೂಲಕ ಸೇರಿದ ದುಂಡನೆಯ ಬ್ರಷ್ಷು ಅವುಗಳಿಗಿಂತ ವೇಗವಾಗಿ ತಿರುಗಿ, ಎಲೆಗಳನ್ನು ಹಿಂದಿನ ಚೀಲಕ್ಕೆ ಎಸೆಯುತ್ತದೆ. ಅಮೆರಿಕದ ಮೆಲ್ವಿಲ್ ಬಿಸೆಲ್ ಎಂಬಾತನು 1876ರಲ್ಲಿ ಹಕ್ಕುಪತ್ರ ಪಡೆದ ಜಮಖಾನೆ ಗುಡಿಸುವ ಯಂತ್ರದ ತತ್ತ್ವವೂ ಇಂಥದೇ. ಒಣಗಿದ ಎಲೆ, ಸಮನಾದ ನೆಲ, ಉದ್ದವಾದ ಹಾಸು ಈ ಮೂರೂ ಇದ್ದಲ್ಲಿ ಇದು ಶ್ರೇಷ್ಠವೆಂದು ನಿಸ್ಸಂಶಯವಾಗಿ ಹೇಳಬಲ್ಲೆ. ಇಬ್ಬನಿ ಬಿದ್ದ ಹುಲ್ಲಿನ ಮೇಲಾದರೋ ಚಕ್ರ ಜಾರುತ್ತದೆ. ಒದ್ದೆಯ ಎಲೆ ಬ್ರಷ್ಷಿಗೆ ಅಂಟುತ್ತದೆ. ಮೂಲೆಗೆ ಅದು ಹೋಗದು. ನಮ್ಮ ಇಪ್ಪತ್ತಡಿಯಲ್ಲಿ ನಾನು ತಳ್ಳಿದುದಕ್ಕಿಂತ ತಿರುಗಿಸಿದುದೇ ಹೆಚ್ಚು.

ಆ ದಿನ ಪತ್ನಿಯು ಮೌನವನ್ನು ಮುರಿದಳು. “ಮೂರು ಸಾಮಾನು ತಂದಿರಿ. ಗುಡಿಸಿ ಗೊತ್ತಿರುವವಳನ್ನು ಒಂದು ಮಾತು ಕೇಳಲಿಲ್ಲವಲ್ಲ?” ಎಂದಳು. ಅಂದಿನಿಂದ ನಾನು ಶಿಷ್ಯನಾದೆನು.

ಆಕೆಯ ಶಾಸ್ತ್ರದ ಸಾರಾಂಶವಿಷ್ಟು: ನೆಲಕ್ಕೊಂದು ಪೊರಕೆ. ಮಣ್ಣಿಗೂ ಸಿಮೆಂಟಿನ ಮೇಲಿನ ಎಲೆಗೂ ತೆಂಗಿನ ಕಡ್ಡಿಯ ಪೊರಕೆಯೇ ಸರಿ. ದಕ್ಷಿಣ ಕನ್ನಡದವರು ಹಿಡಿಸೂಡಿಯೆನ್ನುವುದು ಇದನ್ನೇ. ಇದನ್ನು ಕೊಳ್ಳಬೇಕಾಗಿಯೂ ಇಲ್ಲ. ಹಿತ್ತಿಲಲ್ಲಿ ಬಿದ್ದ ಒಂದು ಗರಿಯಲ್ಲಿಯೇ ಇನ್ನೂರಕ್ಕೂ ಹೆಚ್ಚು ಎಲೆಗಳಿರುತ್ತವೆ. ಒಂದೊಂದರ ನಡುವೆಯೂ ಒಂದು ಕಡ್ಡಿ. ಕತ್ತಿಯಿಂದ ಎಲೆಯನ್ನು ಹೆರೆದು ತೆಗೆದು, ಕಡ್ಡಿಗಳನ್ನು ಒಣಗಿಸಿ, ಬುಡವನ್ನು ನೆಲಕ್ಕೆ ಕುಟ್ಟಿ ಸಮಮಾಡಿ ಬಿಗಿಯಾಗಿ ಕಟ್ಟಬೇಕು. ಮಣ್ಣಿನ ಮೇಲೆ ಮೊದಲು ನೀರು ಚಿಮುಕಿಸಬೇಕು, ಧೂಳು ಏಳದು. ಸಿಮೆಂಟಿನ ಮೇಲೆ ಚಿಮುಕಿಸಬಾರದು, ಧೂಳು ಕೆಸರಾಗಿ ಹಿಡಿಯುತ್ತದೆ. ಅಲ್ಲಿ ಎಲೆ ತೆಗೆದ ಮೇಲೆ ಉಳಿಯುವ ಮಣ್ಣನ್ನು ಉದ್ದ ಹಿಡಿಯ ಗಟ್ಟಿ ಬ್ರಷ್ಷಿನಿಂದ ಮುಂದಕ್ಕೆ ತಳ್ಳಬೇಕು. ಹುಲ್ಲುಹಾಸಿಗೆ ಪೊರಕೆಯೇ ಕೂಡದು. ಕಡ್ಡಿಗಳು ಸಿಕ್ಕಿಕೊಂಡು ಹುಲ್ಲನ್ನು ಬೇರುಸಹಿತ ಎಳೆಯುತ್ತವೆ. ಬಿದಿರಿನ ಸೀಳುಗಳನ್ನು ಬೀಸಣಿಗೆಯಂತೆ ಹರಡಿ ಮಾಡಿದ ದಂತಾಳೆಯಿಂದ ಮೇಲೆಮೇಲೆ ಬಾಚಬೇಕು. ಗಾಳಿಯನ್ನು ಬೆನ್ನಿಗೆ ಮಾಡಿಕೊಂಡು ಗುಡಿಸಬೇಕು. ಎಲೆಯನ್ನು ಸುಡದೆ ಹಿತ್ತಿಲ ಗುಂಡಿಗೆ ಹಾಕಬೇಕು. ಅದು ಮುಂದೆ ತೆಂಗಿಗೆ ಗೊಬ್ಬರ.

ಇಷ್ಟನ್ನು ಕಲಿತು ನಾನು ಹತ್ತು ದಿನ ಗುಡಿಸಿದೆನು. ಹನ್ನೊಂದನೆಯ ದಿನ ನನ್ನ ಬೆನ್ನೂ ಮಾತನಾಡತೊಡಗಿತು. ಪೊರಕೆಯ ಉದ್ದವನ್ನು ಅಳೆದು ನೋಡಿದೆನು; ಎರಡೂವರೆ ಅಡಿ. ಅದರ ತುದಿ ನೆಲವನ್ನು ಮುಟ್ಟಬೇಕಾದರೆ ಗುಡಿಸುವವರ ಬೆನ್ನು ಬಾಗಲೇಬೇಕು. ನಮ್ಮ ಬೀದಿಯನ್ನು ಗುಡಿಸಲು ಬರುವ ಪೌರಕಾರ್ಮಿಕರ ಪೊರಕೆಗೆ ಎದೆಯೆತ್ತರದ ಬಿದಿರಿನ ಕೋಲಿರುವುದನ್ನು ನಾನು ನಿತ್ಯವೂ ಕಂಡಿದ್ದೆನು. ಅವರು ನೆಟ್ಟಗೆ ನಿಂತು ಗುಡಿಸುತ್ತಿದ್ದರು. ಗೇಟಿನ ಈಚೆಗೆ ನನ್ನ ಪತ್ನಿಯು ಬಾಗಿ ಗುಡಿಸುತ್ತಿದ್ದಳು. ಎರಡನ್ನೂ ಒಟ್ಟಿಗೆ ನೋಡಿದ ಕಣ್ಣಿಗೆ ಭೇದವು ತೋರಲಿಲ್ಲ. ಮನೆಯ ಪೊರಕೆಯು ಮೋಟಾಗಿಯೇ ಉಳಿದುದೇಕೆ? ಕೊಳ್ಳುವವನು ಬಾಗುವವನಲ್ಲ; ಇದಲ್ಲದೆ ಬೇರೆ ಕಾರಣ ನನಗೆ ತೋರದು.

ಪುರಿಯ ರಥೋತ್ಸವದಲ್ಲಿ ಗಜಪತಿ ಮಹಾರಾಜರು ಚಿನ್ನದ ಹಿಡಿಯ ಪೊರಕೆಯಿಂದ ದೇವರ ರಥಗಳನ್ನು ಗುಡಿಸುವ ಸಂಪ್ರದಾಯವುಂಟು. ಅದು ಉತ್ಸವಕಾಲದ ಕೆಲಸ, ಲಕ್ಷಾಂತರ ಜನ ಕಂಡು ಕೈಮುಗಿಯುತ್ತಾರೆ. ನಮ್ಮ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನು ಶಿವಭಕ್ತರ ಅಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡಿದ್ದಳೆಂದು ಹೇಳುತ್ತಾರೆ. ಅದು ಪ್ರತಿನಿತ್ಯದ ಕೆಲಸ. ನಮ್ಮ ಮನೆಗಳಲ್ಲಿ ನಡೆಯುವುದು ಈ ಎರಡನೆಯ ಬಗೆಯದು. ಕಂಡು ಕೈಮುಗಿದವರು ಮಾತ್ರ ಇಲ್ಲ.

ಅಂದೇ ಸಂಜೆ ಒಂದು ಬಿದಿರಿನ ಗಳುವನ್ನು ತಂದು, ಪತ್ನಿಯ ಭುಜದೆತ್ತರಕ್ಕೆ ಅಳೆದು ಕತ್ತರಿಸಿ, ಗಂಟುಗಳನ್ನು ಕೆತ್ತಿ ನಯಮಾಡಿ, ಕಡ್ಡಿಯ ಪೊರಕೆಯನ್ನು ಅದಕ್ಕೆ ಬಿಗಿದು ಕಟ್ಟಿದೆನು. ಖರ್ಚು ಅರವತ್ತು ರೂಪಾಯಿ. ಎರಡು ತಿಂಗಳು ಕಳೆದು ವೈದ್ಯರ ಅನುಮತಿ ದೊರೆತ ಮೇಲೆ ಆಕೆ ಅದನ್ನು ಹಿಡಿದು, ನೆಟ್ಟಗೆ ನಿಂತು, ಗೇಟಿನವರೆಗೆ ಗುಡಿಸಿ ಬಂದಳು. ಬಂದವಳು ಕೋಲಿನ ಮೇಲೆ ಕೈಯೂರಿ, “ಇದನ್ನು ಮೊದಲೇ ಕಟ್ಟಿಕೊಡಬಹುದಾಗಿತ್ತಲ್ಲವೆ?” ಎಂದು ಕೇಳಿದಳು. ಆಕ್ಷೇಪಣೆಯ ಧ್ವನಿಯಲ್ಲಿ ಅಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು. ನಾನು ಉತ್ತರ ಹೇಳಲಿಲ್ಲ.

ಈಗ ಮುಂಭಾಗ ನನ್ನದು, ಹಿತ್ತಿಲು ಆಕೆಯದು ಎಂದು ವಿಭಾಗವಾಗಿದೆ. ಪೊರಕೆಯನ್ನೋ ಯಂತ್ರವನ್ನೋ ಕೊಳ್ಳಲು ಹೊರಟಿರುವ ಗೃಹಸ್ಥರಿಗೆ ನನ್ನ ವಿಜ್ಞಾಪನೆಯಿಷ್ಟೆ: ಮೊದಲು ಅಂಗಳದಲ್ಲಿ ಏನು ಬೀಳುತ್ತದೆಂದು ನೋಡಿರಿ, ಅನಂತರ ಗುಡಿಸುವವರ ಎತ್ತರವನ್ನು ಅಳೆಯಿರಿ, ಅವರನ್ನು ಒಂದು ಮಾತು ಕೇಳಿರಿ. ಹೊಂಗೆಯು ಮತ್ತೆ ಎಲೆಯುದುರಿಸತೊಡಗಿದೆ. ಹೊತ್ತು ಇಳಿಯುತ್ತಿದೆ. ದೀಪ ಹಚ್ಚಿದ ಮೇಲೆ ಗುಡಿಸಬಾರದೆಂಬ ನಿಯಮವು ನಮ್ಮ ಮನೆಯಲ್ಲಿ ಇನ್ನೂ ಉಂಟಾದುದರಿಂದ, ಲೇಖನಿಯನ್ನು ಕೆಳಗಿಟ್ಟು ಏಳುತ್ತೇನೆ.